‘ಮದುವೆ ಮಾಡಿ ನೋಡು’: ಚಿತ್ರಪಟದ ಸಿರಿಯೂ ಸಂಸಾರದ ಲೆಕ್ಕವೂ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕೇಳದ ಕನ್ನಡ ಮನೆತನವು ಇರಲಾರದು. ಹೆಣ್ಣು ಹೆತ್ತ ತಂದೆಯು ನಿಟ್ಟುಸಿರಿನೊಡನೆ ಈ ಮಾತನ್ನು ಆಡುತ್ತಾನೆ; ಕೇಳಿದ ನೆರೆಯವರು ತಲೆದೂಗಿ ನಗುತ್ತಾರೆ. ಒಂದೇ ಮಾತಿನಲ್ಲಿ ನಿಟ್ಟುಸಿರೂ ನಗೆಯೂ ಕೂಡಿರುವದು ಈ ಗಾದೆಯ ವಿಶೇಷವು. ಮನೆ ಕಟ್ಟಿದವನಿಗೆ ಕಡೆಗೆ ಗೋಡೆಗಳಾದರೂ ಉಳಿಯುತ್ತವೆ. ಮದುವೆ ಮಾಡಿದವನಿಗೆ ಹಂದರ ಕಿತ್ತ ಮೇಲೆ ಸಾಲದ ಪತ್ರ ಮಾತ್ರ ಉಳಿಯುವದುಂಟು.

ಈ ಗಾದೆಯ ಉತ್ತರಾರ್ಧವನ್ನೇ ಹೆಸರಾಗಿ ಇಟ್ಟುಕೊಂಡು ೧೯೬೫ನೆಯ ಇಸವಿಯಲ್ಲಿ ಒಂದು ಕನ್ನಡ ಚಿತ್ರಪಟವು ಹೊರಬಂದಿತು. ಹೆಸರಾಂತ ನಟನಟಿಯರು ಕೂಡಿ ಅಭಿನಯಿಸಿದ, ಮದರಾಸಿನ ದೊಡ್ಡ ಸ್ಟುಡಿಯೋದವರು ತಯಾರಿಸಿದ, ಆದಿಯಿಂದ ಅಂತ್ಯದವರೆಗೆ ನಗಿಸುವ ಚಿತ್ರವದು. ಅದರ ವಿಷಯವಾದರೋ ನಗತಕ್ಕದ್ದಲ್ಲ. ವರದಕ್ಷಿಣೆಯ ಹಣ ಬಾರದ ಕಾರಣ ಮದುವೆಯ ಹಂದರದಿಂದಲೇ ವರನನ್ನು ಎಳೆದುಕೊಂಡು ಹೋದ ತಂದೆಯ ಕಥೆಯು. ಮನೆಯಲ್ಲಿ ನಡೆದರೆ ಅಳು ತರಿಸುವ ಸಂಗತಿಯು ತೆರೆಯ ಮೇಲೆ ನಗೆ ತರಿಸುವದು ಹೇಗೆ? ಆ ನಗೆಯಿಂದ ನಮಗೆ ಲಾಭವೆಷ್ಟು, ನಗೆಯ ಹಿಂದೆ ಅದು ಹೇಳದೆ ಬಿಟ್ಟ ಮಾತು ಯಾವದು? ಇವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಮಕ್ಕಳ ತಾಯಿತಂದೆಗಳಿಗೂ ಆದಷ್ಟು ತಿಳಿಯಾಗಿ ವಿವರಿಸಬೇಕೆಂದು ಈ ಲೇಖನವನ್ನು ಬರೆಯುತ್ತೇವೆ.

೧. ಬೀಳಗಿಗೂ ತೆರೆಗೂ ಇರುವ ನಂಟು

ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿಗಳ ಕಡೆಯ ಜನರಿಗೆ ಸಿನೇಮಾದ ಮಾತೇಕೆ ಎಂದು ಕೆಲವರು ಕೇಳಿಯಾರು. ಅಂಥವರಿಗೆ ನಮ್ಮ ಉತ್ತರವು ಸುಲಭವಾಗಿದೆ. ಹಿಂದೀ ಚಿತ್ರಪಟದ ಮೊದಲ ಕಾಲದ ಶ್ರೇಷ್ಠ ಗಾಯಕಿಯರಲ್ಲಿ ಒಬ್ಬರಾದ ಅಮೀರಬಾಯಿ ಕರ್ನಾಟಕಿಯವರು ಹುಟ್ಟಿದ್ದು ಬೀಳಗಿಯಲ್ಲಿಯೇ. ಆಗ ಬೀಳಗಿಯು ಮುಂಬಯಿ ಇಲಾಖೆಯ ವಿಜಾಪುರ ಜಿಲ್ಲೆಗೆ ಸೇರಿತ್ತು. ಅವರೂ ಅವರ ಅಕ್ಕ ಗೋಹರಬಾಯಿಯವರೂ ಹುಟ್ಟೂರನ್ನು ಬಿಟ್ಟು ಮುಂಬಯಿಗೆ ಹೋಗಿ, ಊರ ಹೆಸರಿಗೆ ಬದಲಾಗಿ ನಾಡಿನ ಹೆಸರನ್ನೇ ತಮ್ಮ ಹೆಸರಿನ ಮುಂದೆ ಧರಿಸಿದರು. ೧೯೪೩ರಲ್ಲಿ ಬಾಂಬೇ ಟಾಕೀಜದವರು ಹೊರತಂದ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ಅಮೀರಬಾಯಿಯವರ ಕೀರ್ತಿಯು ದೇಶದ ಮೂಲೆಮೂಲೆಗೆ ಹಬ್ಬಿತು. ಆ ಚಿತ್ರವು ಕಲಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ನಡೆಯಿತೆಂಬುದು ಪ್ರಸಿದ್ಧವಾಗಿದೆ. ವಿಜಾಪುರದ ಅಮೀರ ಟಾಕೀಜು ಅವರ ಹೆಸರನ್ನು ಹೊತ್ತ ಚಿತ್ರಮಂದಿರವು. ಅವರು ತೀರಿಕೊಂಡದ್ದು ೧೯೬೫ನೆಯ ಮಾರ್ಚ ತಿಂಗಳಿನಲ್ಲಿ; ಅಂದರೆ ನಾವು ವಿವರಿಸತಕ್ಕ ಚಿತ್ರವು ಹೊರಬಂದ ವರ್ಷದಲ್ಲಿಯೇ.

ಗೋಹರಬಾಯಿಯವರ ಹಾದಿ ನಾಟಕದ ಕಡೆಗೆ ಹೊರಳಿತು. ಮರಾಠೀ ರಂಗಭೂಮಿಯ ಬಾಲಗಂಧರ್ವರ ಮಂಡಳಿಯನ್ನು ಅವರು ಸೇರಿದರು. ಗಂಡಸರೇ ಸೀರೆಯುಟ್ಟು ಹೆಂಗಸರ ಪಾತ್ರ ವಹಿಸುವದು ರೂಢಿಯಾಗಿದ್ದ ಆ ಕಾಲದಲ್ಲಿ, ಅದರಲ್ಲಿಯೂ ಸ್ತ್ರೀಪಾತ್ರಕ್ಕೆ ಅಸಮಾನನೆನಿಸಿದ ಪುರುಷನ ಮಂಡಳಿಯಲ್ಲಿಯೇ, ಹೆಣ್ಣಿನ ಪಾತ್ರವನ್ನು ಹೆಣ್ಣೇ ವಹಿಸುವದೆಂದರೆ ಸಣ್ಣ ಧೈರ್ಯವಲ್ಲ. ಹೀಗೆ ತೆರೆಗೂ ರಂಗಕ್ಕೂ ತನ್ನ ಹೆಣ್ಣುಮಕ್ಕಳಿಬ್ಬರನ್ನು ಕೊಟ್ಟ ಊರಿನವರು ಚಿತ್ರಪಟವನ್ನು ಹೊರಗಿನ ವಸ್ತುವೆಂದು ತಿಳಿಯಲಾಗದು.

೨. ಹಣವೂ ಹೆಣ್ಣೂ: ಹಳೆಯ ಆಟಗಳ ಪಾಠ

ಮದುವೆಯನ್ನೂ ಸಿರಿಯನ್ನೂ ಕೂಡಿಸಿ ನಗುವ ಪದ್ಧತಿಯನ್ನು ಚಿತ್ರಪಟದವರು ಹೊಸದಾಗಿ ಕಂಡುಹಿಡಿಯಲಿಲ್ಲ. ನಮ್ಮ ಕಡೆಯ ಶ್ರೀಕೃಷ್ಣ ಪಾರಿಜಾತವನ್ನೇ ನೋಡಿರಿ. ಅಪರಾಳ ತಮ್ಮಣ್ಣನಿಂದ ಹುಟ್ಟಿ ಕುಲಗೋಡ ತಮ್ಮಣ್ಣನಿಂದ ಬೆಳೆದು ಘಟಪ್ರಭೆ-ಕೃಷ್ಣೆಯರ ಹಳ್ಳಿಗಳಲ್ಲಿ ಬೆಳಗಾಗುವವರೆಗೆ ನಡೆಯುತ್ತ ಬಂದ ಆ ಆಟದ ಜೀವವೆಲ್ಲ ಸತ್ಯಭಾಮೆಯ ಗರ್ವದಲ್ಲಿದೆ. ಒಂದು ಹೂವು ಸವತಿಯ ಮುಡಿಗೆ ಹೋಯಿತೆಂದು ಅವಳು ಮುನಿಯುತ್ತಾಳೆ, ಜನ ನಗುತ್ತಾರೆ. ಅವಳದೇ ಇನ್ನೊಂದು ಕಥೆಯಾದ ತುಲಾಭಾರದಲ್ಲಿ ಅರಮನೆಯ ಬಂಗಾರವನ್ನೆಲ್ಲ ತಕ್ಕಡಿಗೆ ಸುರಿದರೂ ಗಂಡನ ತೂಕಕ್ಕೆ ಸರಿಬಾರದೆ, ರುಕ್ಮಿಣಿಯು ಇಟ್ಟ ಒಂದು ತುಳಸಿಯ ದಳಕ್ಕೆ ತಕ್ಕಡಿಯು ಸಮವಾಗುತ್ತದೆ. ಬಂಗಾರದಿಂದ ದಾಂಪತ್ಯವನ್ನು ತೂಗಲಾಗದೆಂಬ ತತ್ತ್ವವನ್ನು ಅಕ್ಷರವರಿಯದ ಒಕ್ಕಲಿಗನೂ ಈ ಕಥೆಯಿಂದ ಅರಿತಿದ್ದನು. ಆದಾಗ್ಯೂ ಮರುದಿನ ಮಗನ ಮದುವೆಯ ಮಾತುಕತೆಗೆ ಕುಳಿತಾಗ ತಕ್ಕಡಿಯನ್ನು ಹಿಡಿಯದೆ ಬಿಡಲಿಲ್ಲ!

ಮುದ್ರಿತ ನಾಟಕಗಳ ಕಾಲ ಬಂದಾಗಲೂ ಇದೇ ವಿಷಯವು ಮುಂದೆ ನಿಂತಿತು. ೧೮೮೭ರಲ್ಲಿ ಸೂರಿ ವೆಂಕಟರಮಣ ಶಾಸ್ತ್ರಿಗಳು ಬರೆದ ‘ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ’ವು ಕನ್ನಡದ ಸಾಮಾಜಿಕ ನಾಟಕಗಳಲ್ಲಿ ಮೊದಲಿನದೆಂದು ಎಣಿಸಲ್ಪಟ್ಟಿದೆ. ಹಣ ತೆಗೆದುಕೊಂಡು ಎಳೆಯ ಹೆಣ್ಣನ್ನು ಮುದುಕನಿಗೆ ಕೊಡುವ ಕನ್ಯಾವಿಕ್ರಯವನ್ನು ಅದು ಹಾಸ್ಯ ಮಾಡುತ್ತದೆ. ಮರಾಠಿಯಲ್ಲಿ ಗೋವಿಂದ ಬಲ್ಲಾಳ ದೇವಲರ ‘ಶಾರದಾ’ ೧೮೯೯ರಲ್ಲಿಯೂ, ತೆಲುಗಿನಲ್ಲಿ ಗುರಜಾಡ ಅಪ್ಪಾರಾಯರ ‘ಕನ್ಯಾಶುಲ್ಕ’ವು ೧೮೯೨ರಲ್ಲಿಯೂ ಇದೇ ರೋಗವನ್ನು ಎತ್ತಿ ತೋರಿಸಿದವು. ವಾಚಕರು ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಆ ನಾಟಕಗಳಲ್ಲಿ ಹಣವು ಗಂಡಿನ ಕಡೆಯಿಂದ ಹೆಣ್ಣಿನ ತಂದೆಗೆ ಹೋಗುತ್ತಿತ್ತು. ಮುಂದೆ ಗಂಡುಮಕ್ಕಳು ಇಂಗ್ಲೀಷು ಕಲಿತು ನೌಕರಿ ಹಿಡಿದ ಮೇಲೆ ಹಣದ ಹೊಳೆ ತಿರುಗಿ ಹರಿಯತೊಡಗಿತು. ತೆರವು ಹೋಗಿ ವರದಕ್ಷಿಣೆ ಬಂದಿತು. ಹಣದ ದಾರಿ ತಿರುವುಮುರುವಾದರೂ ಹೆಣ್ಣಿನ ಸ್ಥಿತಿ ಬದಲಾಗಲಿಲ್ಲ. ಮೊದಲು ಮಾರಾಟದ ವಸ್ತುವಾಗಿದ್ದವಳು ಅನಂತರ ದಾಟಿಸಬೇಕಾದ ಹೊರೆಯಾದಳು. ಎರಡರಲ್ಲಿಯೂ ಅವಳ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ.

ಹೆಣ್ಣೇ ಸಿರಿವಂತಳಾಗಿದ್ದು ಆಯ್ಕೆಯ ಹಕ್ಕು ಅವಳಿಗೇ ಇದ್ದರೆ ಹೇಗಾದೀತೆಂಬ ಪ್ರಶ್ನೆಯನ್ನು ಕೃಷ್ಣಾಜಿ ಪ್ರಭಾಕರ ಖಾಡಿಲ್ಕರರ ‘ಮಾನಾಪಮಾನ’ವು ಎತ್ತಿಕೊಂಡಿತು. ೧೯೧೧ರಲ್ಲಿ ಕಿರ್ಲೋಸ್ಕರ ಮಂಡಳಿಯು ಆಡಿದ ಆ ಸಂಗೀತ ನಾಟಕದಲ್ಲಿ ಭಾಮಿನಿಯೆಂಬ ಸಿರಿವಂತ ಕನ್ಯೆಯು ಬಡವನಾದ ಶೂರ ಧೈರ್ಯಧರನನ್ನು ಅಪಮಾನಿಸಿ, ಹಣವಂತನಾದ ಲಕ್ಷ್ಮೀಧರನ ಕಡೆಗೆ ಒಲಿಯುತ್ತಾಳೆ. ಆಮೇಲೆ ಬಡ ಹುಡುಗಿಯ ವೇಷದಿಂದ ಧೈರ್ಯಧರನ ಗುಣವನ್ನು ಕಣ್ಣಾರೆ ಕಂಡು ತನ್ನ ಮನಸ್ಸನ್ನು ತಾನೇ ತಿದ್ದಿಕೊಳ್ಳುತ್ತಾಳೆ. ಭಾಮಿನಿಯ ಪಾತ್ರವು ಬಾಲಗಂಧರ್ವರದು. ೧೯೨೧ರ ಜುಲೈ ತಿಂಗಳಿನಲ್ಲಿ ತಿಲಕ ಸ್ವರಾಜ್ಯ ನಿಧಿಗಾಗಿ ಅವರೂ ಕೇಶವರಾವ ಭೋಸಲೆಯವರೂ, ಪ್ರತಿಸ್ಪರ್ಧಿ ಮಂಡಳಿಗಳ ಒಡೆಯರಾಗಿದ್ದವರು, ಮುಂಬಯಿಯಲ್ಲಿ ಒಂದೇ ರಂಗದ ಮೇಲೆ ನಿಂತು ಈ ನಾಟಕವನ್ನು ಆಡಿದರು. ನಮ್ಮ ಬೀಳಗಿಯ ಗೋಹರಬಾಯಿಯವರು ಮುಂದೆ ಸೇರಿದ್ದು ಈ ಪರಂಪರೆಯ ಮಂಡಳಿಯನ್ನೇ. ಶತಮಾನ ದಾಟಿದ ಮೇಲೆ, ೨೦೨೫ರ ಜನೆವರಿಯಲ್ಲಿ, ಸುಬೋಧ ಭಾವೆಯವರು ‘ಸಂಗೀತ ಮಾನಾಪಮಾನ’ವೆಂದು ಇದನ್ನು ವೈಭವದ ಚಿತ್ರಪಟವಾಗಿ ಮಾಡಿದರು, ಧೈರ್ಯಧರನ ಪಾತ್ರವನ್ನೂ ತಾವೇ ವಹಿಸಿದರು. ಹಣ ಹೆಚ್ಚೋ ಗುಣ ಹೆಚ್ಚೋ ಎಂಬ ಪ್ರಶ್ನೆಯು ನೂರು ವರ್ಷಗಳಾದರೂ ಹಳತಾಗಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

೩. ಚಿತ್ರವೂ ಅದರ ಕಥೆಯೂ

ಈಗ ಮುಖ್ಯ ವಿಷಯಕ್ಕೆ ಬರುವ. ಮದರಾಸಿನ ವಿಜಯಾ ಸಂಸ್ಥೆಯು ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ ಎಂಬ ಇಬ್ಬರು ಸ್ನೇಹಿತರದು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಇವರ ಹೆಸರನ್ನು ಚಿತ್ರಪಟದಿಂದಲ್ಲ, ‘ಚಂದಮಾಮ’ದಿಂದ ಬಲ್ಲರು. ೧೯೪೭ರಲ್ಲಿ ಮೊದಲು ತೆಲುಗು ಮತ್ತು ತಮಿಳಿನಲ್ಲಿ ಆರಂಭವಾಗಿ ಮುಂದೆ ಕನ್ನಡಕ್ಕೂ ಬಂದ ಆ ಮಕ್ಕಳ ಮಾಸಪತ್ರಿಕೆಯು ಇವರದೇ. ಮಕ್ಕಳಿಗೆ ಕಥೆ ಹೇಳಬಲ್ಲವನು ದೊಡ್ಡವರಿಗೂ ಹೇಳಬಲ್ಲನೆಂಬುದನ್ನು ಇವರು ಸಿದ್ಧ ಮಾಡಿ ತೋರಿಸಿದರು.

ಇವರು ೧೯೫೨ರಲ್ಲಿ ಎಲ್. ವಿ. ಪ್ರಸಾದರ ನಿರ್ದೇಶನದಲ್ಲಿ ‘ಪೆಳ್ಳಿ ಚೇಸಿ ಚೂಡು’ ಎಂಬ ತೆಲುಗು ಚಿತ್ರವನ್ನು ತಯಾರಿಸಿದರು. ಎನ್. ಟಿ. ರಾಮರಾವ್, ಜಿ. ವರಲಕ್ಷ್ಮಿ, ಎಸ್. ವಿ. ರಂಗಾರಾವ್, ಸಾವಿತ್ರಿ, ಜೋಗಾರಾವ್ ಮೊದಲಾದವರು ಅದರಲ್ಲಿದ್ದರು. ಅದೇ ವರ್ಷ ತಮಿಳಿನಲ್ಲಿಯೂ ಅದನ್ನು ಹೊರತಂದರು. ಹದಿಮೂರು ವರ್ಷಗಳ ಮೇಲೆ ಹುಣಸೂರು ಕೃಷ್ಣಮೂರ್ತಿಯವರ ನಿರ್ದೇಶನದಲ್ಲಿ ಅದೇ ಕಥೆಯು ‘ಮದುವೆ ಮಾಡಿ ನೋಡು’ ಎಂದು ಕನ್ನಡಕ್ಕೆ ಬಂದಿತು. ರಾಜಕುಮಾರ, ಲೀಲಾವತಿ, ನರಸಿಂಹರಾಜು ಮೊದಲಾದವರು ಅದರಲ್ಲಿ ಅಭಿನಯಿಸಿದರು. ಅದೇ ವರ್ಷ ಹೊರಬಂದ ‘ಸತ್ಯ ಹರಿಶ್ಚಂದ್ರ’ಕ್ಕೂ ಹುಣಸೂರರೇ ನಿರ್ದೇಶಕರು. ಸತ್ಯಕ್ಕಾಗಿ ಹೆಂಡತಿಮಕ್ಕಳನ್ನು ಮಾರಿದ ಅರಸನ ಕಥೆಯನ್ನೂ, ಹಣಕ್ಕಾಗಿ ಮಗನ ಸುಖವನ್ನೇ ಮಾರಹೊರಟ ತಂದೆಯ ಕಥೆಯನ್ನೂ ಒಂದೇ ಕೈ ಒಂದೇ ವರ್ಷದಲ್ಲಿ ತೋರಿಸಿದುದು ಸ್ವಾರಸ್ಯದ ಸಂಗತಿಯು.

ಕಥೆಯ ಸಾರವಿಷ್ಟು. ತಂದೆಯಿಲ್ಲದ ಮನೆಯಲ್ಲಿ ತಾಯಿ, ತಂಗಿ, ಪುಟ್ಟ ತಮ್ಮ ಇವರ ಭಾರ ಹೊತ್ತ ಒಬ್ಬ ಶಾಲಾಮಾಸ್ತರನಿದ್ದಾನೆ. ತಂಗಿಯ ಮದುವೆಯಾಗದೆ ತಾನು ಮದುವೆಯಾಗುವದಿಲ್ಲವೆಂಬ ಹಟದಿಂದ ಅವನು ವರನನ್ನು ಹುಡುಕುತ್ತ ಹೊರಡುತ್ತಾನೆ. ದಾರಿಯಲ್ಲಿ ಒಬ್ಬ ಉದಾರಿಯಾದ ಜಮೀನುದಾರನ ಪರಿಚಯವಾಗಿ, ಅವನೇ ಮುಂದೆ ನಿಂತು ಪಟ್ಟಣದಲ್ಲಿ ಓದಿದ ವರನೊಬ್ಬನನ್ನು ಗೊತ್ತು ಮಾಡುತ್ತಾನೆ. ವರನ ತಂದೆಗೆ ವರದಕ್ಷಿಣೆಯ ಮಾತು ಕೊಡಲಾಗುತ್ತದೆ. ಮದುವೆಯ ಹೊತ್ತಿಗೆ ಹಣವು ಕೈಗೆ ಬಾರದೆ ಹೋದಾಗ ಬೀಗನು ಕೆಂಡವಾಗಿ ಮಗನನ್ನು ಹಂದರದಿಂದ ಎಬ್ಬಿಸಿಕೊಂಡು ಹೋಗುತ್ತಾನೆ. ತಂದೆಯ ಇದಿರು ನಿಂತು ಮಾತಾಡಲಾರದ ಮಗನು ಒಂದು ಯುಕ್ತಿ ಹೂಡುತ್ತಾನೆ: ಹುಚ್ಚು ಹಿಡಿದವನಂತೆ ನಟಿಸುತ್ತಾನೆ. ಅವನ ಶುಶ್ರೂಷೆಗೆಂದು ದಾದಿಯ ವೇಷದಿಂದ ಮನೆಗೆ ಬಂದವಳು ಬೇರೆ ಯಾರೂ ಅಲ್ಲ, ಆ ಬಿಟ್ಟುಬಂದ ಹೆಂಡತಿಯೇ. ಸೊಸೆಯೆಂದು ಒಳಗೆ ಬಿಡದವಳನ್ನು ಮಾವನೇ ಸಂಬಳ ಕೊಟ್ಟು ಇಟ್ಟುಕೊಂಡಂತಾಯಿತು! ಕಡೆಗೆ ಗುಟ್ಟು ರಟ್ಟಾಗಿ, ಲೋಭಿಯ ಕಣ್ಣು ತೆರೆದು, ಎಲ್ಲವೂ ಸುಖಾಂತವಾಗುತ್ತದೆ.

೪. ನಗೆ ಹುಟ್ಟುವ ಬಗೆ

ಈ ಕಥೆಯು ನಗಿಸುವದು ಹೇಗೆಂಬುದನ್ನು ಬಿಡಿಸಿ ನೋಡುವ. ಮೊದಲನೆಯದಾಗಿ, ಲೋಭಿಯು ತಾನು ಜಾಣನೆಂದು ತಿಳಿದಿರುತ್ತಾನೆ; ನೋಡುವವರಾದ ನಮಗೆ ಮಾತ್ರ ಅವನು ಮೋಸಹೋಗುತ್ತಿರುವದು ತಿಳಿದಿರುತ್ತದೆ. ಅವನಿಗೆ ತಿಳಿಯದ ಸತ್ಯವು ನಮಗೆ ತಿಳಿದಿರುವದರಿಂದ ಹುಟ್ಟುವ ಮೇಲುಗೈಯೇ ನಗೆಯ ಮೂಲವು. ಎರಡನೆಯದಾಗಿ, ಅವನನ್ನು ಸೋಲಿಸುವ ಆಯುಧವು ಹೊರಗಿನಿಂದ ಬರುವದಿಲ್ಲ. ಅವನ ಲೋಭದಿಂದಲೇ ಹುಟ್ಟುತ್ತದೆ. ಮಗನನ್ನು ಎಳೆದು ತರದಿದ್ದರೆ ಮಗನಿಗೆ ಹುಚ್ಚಿಲ್ಲ, ಹುಚ್ಚಿಲ್ಲದಿದ್ದರೆ ದಾದಿಯಿಲ್ಲ. ಮೂರನೆಯದಾಗಿ, ಮನೆಯಲ್ಲಿ ಅಂಜಿಕೆಯಿಂದ ಆಡಲಾಗದ ಮಾತನ್ನು ಹುಚ್ಚನ ಬಾಯಿಂದ ಆಡಿಸಬಹುದು. ಹುಚ್ಚನು ಸತ್ಯವಾಡಿದರೆ ಯಾರೂ ಸಿಟ್ಟಾಗುವಂತಿಲ್ಲ. ನಮ್ಮ ಬಯಲಾಟದ ಸಾರಥಿಗೂ ದೊಡ್ಡಾಟದ ಹಾಸ್ಯಗಾರನಿಗೂ ಇದೇ ಸ್ವಾತಂತ್ರ್ಯವುಂಟಲ್ಲವೇ?

ಅದೇ ಸಂಸ್ಥೆಯವರು ೧೯೫೭ರಲ್ಲಿ ಕೆ. ವಿ. ರೆಡ್ಡಿಯವರ ನಿರ್ದೇಶನದಲ್ಲಿ ತಯಾರಿಸಿದ ‘ಮಾಯಾಬಜಾರ’ದಲ್ಲಿ ಈ ಯುಕ್ತಿಗಳೇ ಇನ್ನೂ ದೊಡ್ಡ ಪ್ರಮಾಣದಲ್ಲಿ ಕಾಣುತ್ತವೆ. ಬಲರಾಮನ ಮಗಳು ಶಶಿರೇಖೆಯನ್ನು ಅಭಿಮನ್ಯುವಿಗೆ ಕೊಡುವದೆಂದು ಚಿಕ್ಕಂದಿನಲ್ಲಿಯೇ ಮಾತಾಗಿರುತ್ತದೆ. ಪಾಂಡವರು ಜೂಜಿನಲ್ಲಿ ರಾಜ್ಯವನ್ನು ಕಳೆದುಕೊಂಡ ಕೂಡಲೆ ಹುಡುಗಿಯ ತಾಯಿಯ ಮನಸ್ಸು ತಿರುಗುತ್ತದೆ. ದುರ್ಯೋಧನನ ಮಗನೇ ತಕ್ಕ ವರನೆಂದು ತೋರುತ್ತದೆ. ಆಗ ಘಟೋತ್ಕಚನು ಶಶಿರೇಖೆಯನ್ನು ಅಭಿಮನ್ಯುವಿನ ಕಡೆಗೆ ಸಾಗಿಸಿ, ತಾನೇ ಶಶಿರೇಖೆಯ ರೂಪ ತಾಳಿ ಮದುಮಗಳಾಗಿ ಕೂಡುತ್ತಾನೆ. ಬೀಗರಿಗಾಗಿ ಮಾಯಾನಗರವನ್ನೇ ನಿರ್ಮಿಸಿ ಕೊಡುತ್ತಾನೆ. ಸಿರಿಯನ್ನು ಬಯಸಿ ಬಂದವರಿಗೆ ಸಿರಿಯ ಭ್ರಮೆಯೇ ದೊರೆಯುತ್ತದೆ! ಮೃದುವಾದ ಕನ್ಯೆಯಾಗಿಯೂ, ಕನ್ಯೆಯ ದೇಹದೊಳಗೆ ಅಡಗಿದ ರಾಕ್ಷಸನಾಗಿಯೂ ಸಾವಿತ್ರಿಯವರು ಮಾಡಿದ ಅಭಿನಯವನ್ನು ನೋಡಿದವರು ಮರೆಯಲಾರರು. ಈ ಕಥೆಯು ವ್ಯಾಸಭಾರತದಲ್ಲಿಲ್ಲ; ಜನಪದದಲ್ಲಿ ಹುಟ್ಟಿದ್ದು. ನಮ್ಮ ಯಕ್ಷಗಾನದವರು ಇದೇ ಕಥೆಯನ್ನು ‘ಕನಕಾಂಗಿ ಕಲ್ಯಾಣ’ವೆಂದು ಆಡುತ್ತ ಬಂದಿದ್ದಾರೆ. ಬಡವನಾದ ಅಳಿಯನನ್ನು ಬಿಟ್ಟು ಸಿರಿವಂತನನ್ನು ಅರಸುವ ಅತ್ತೆಯನ್ನು ದ್ವಾಪರಯುಗಕ್ಕೆ ಒಯ್ದಿಟ್ಟರೂ ಜನರು ಆಕೆಯನ್ನು ಕೂಡಲೆ ಗುರುತಿಸಿದರು. ಏಕೆಂದರೆ ಆಕೆಯು ಅವರ ಓಣಿಯಲ್ಲಿಯೇ ಇದ್ದಳು.

೫. ತೆರೆಯ ಸಿರಿಯು ತಯಾರಾಗುವ ರೀತಿ

ಇಂಥ ಚಿತ್ರಗಳ ಅರ್ಧ ಆಕರ್ಷಣವು ಅವುಗಳ ವೈಭವದಲ್ಲಿದೆ. ಕಂಬಗಳ ಸಾಲು, ತೂಗುದೀಪ, ಜರತಾರಿಯ ಸೀರೆ, ಮೈತುಂಬ ಒಡವೆ ಇವನ್ನು ಕಂಡು ನೋಡುವವರ ಕಣ್ಣು ತಣಿಯುತ್ತದೆ. ಆದರೆ ಆ ಸಿರಿಯ ನಿಜವೇನೆಂಬುದನ್ನು ನಮ್ಮ ಹೆಣ್ಣುಮಕ್ಕಳು ಅರಿಯುವದು ಅವಶ್ಯವಾಗಿದೆ. ಅರಮನೆಯ ಕಂಬಗಳು ಕಟ್ಟಿಗೆಯ ಚೌಕಟ್ಟಿಗೆ ಬಳಿದ ಗಾರೆಯವು. ಗೋಡೆಯ ಹಿಂದೆ ಆಸರೆಯ ಕೋಲುಗಳಲ್ಲದೆ ಮತ್ತೊಂದು ಕೋಣೆಯಿಲ್ಲ. ‘ಮಾಯಾಬಜಾರ’ದಲ್ಲಿ ಕಾಣುವ ದ್ವಾರಕೆಯು ಸುಮಾರು ಐವತ್ತು-ಅರವತ್ತು ಅಡಿಗಳ ಜಾಗದಲ್ಲಿ ಜೋಡಿಸಿದ ಆಟಿಗೆಯಂಥ ಪುಟ್ಟ ಮನೆಗಳ ಊರು. ಅದರ ಬೆಳದಿಂಗಳು ಮಾರ್ಕಸ್ ಬಾರ್ಟ್ಲಿ ಎಂಬ ಛಾಯಾಗ್ರಾಹಕರು ವಿದ್ಯುದ್ದೀಪಗಳಿಂದ ಸೃಷ್ಟಿಸಿದ್ದು. ಒಡವೆಗಳಾದರೋ ಬಹುತರವಾಗಿ ಗಿಲೀಟಿನವು. ಚಿತ್ರೀಕರಣ ಮುಗಿದ ಸಂಜೆ ಅವೆಲ್ಲ ಪೆಟ್ಟಿಗೆಯನ್ನು ಸೇರುತ್ತವೆ. ತೆರೆಯ ಮದುವೆಯಲ್ಲಿ ಉಣ್ಣದೆ ಉಳಿದ ಲಾಡುವಿಗಾಗಿ ಯಾವ ಮಾವನೂ ಸಾಲ ತೀರಿಸಬೇಕಾಗಿಲ್ಲ.

ನಮ್ಮ ಮನೆಗಳ ಮದುವೆಯು ಹಾಗಲ್ಲ. ಇಲ್ಲಿ ಬಂಗಾರವು ನಿಜವಾದದ್ದು, ಸಾಲವೂ ನಿಜವಾದದ್ದು. ಚಿತ್ರಪಟದಲ್ಲಿ ಕಂಡ ಹಂದರವು ತಮ್ಮ ಓಣಿಯಲ್ಲಿಯೂ ಏಳಬೇಕೆಂದು ಬಯಸಿ ಹೊಲವನ್ನು ಒತ್ತೆಯಿಟ್ಟ ಕುಟುಂಬಗಳು ಪ್ರತಿ ಊರಿನಲ್ಲಿಯೂ ಉಂಟು. ಲೋಭವನ್ನು ಹಾಸ್ಯ ಮಾಡುವ ಚಿತ್ರವೇ ವೈಭವದ ಆಸೆಯನ್ನು ಹುಟ್ಟಿಸುವದು ಒಂದು ವಿಚಿತ್ರವು. ಕಿವಿಗೆ ಅದು ಹೇಳುವ ನೀತಿಯೊಂದು. ಕಣ್ಣಿಗೆ ತೋರಿಸುವ ಆಸೆಯೊಂದು. ಮನೆಗೆ ಮರಳುವಾಗ ನೀತಿಯು ಚಿತ್ರಮಂದಿರದಲ್ಲಿಯೇ ಉಳಿದು ಆಸೆಯು ಮಾತ್ರ ಜೊತೆಗೆ ಬರುವದುಂಟು.

ಇಲ್ಲಿ ನಾವು ನ್ಯಾಯವಾಗಿ ಇನ್ನೊಂದು ಪಕ್ಷವನ್ನೂ ಹೇಳಬೇಕು. ಮದುವೆಯ ವೆಚ್ಚವೆಲ್ಲ ವ್ಯರ್ಥವೆಂದು ನಮ್ಮ ಭಾಗದವರು ಹೇಳಲಾರರು. ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ, ರಬಕವಿ-ಬನಹಟ್ಟಿಗಳ ಮಗ್ಗದ ಬಟ್ಟೆ ಇವುಗಳಿಗೆ ಮದುವೆಯ ಕಾಲವೇ ಸುಗ್ಗಿಯು. ಮದುವೆಯ ಜವಳಿ ಕೊಳ್ಳುವವರಿಲ್ಲದಿದ್ದರೆ ನೇಕಾರನ ಮನೆಯ ಒಲೆಯು ಉರಿಯುವದು ಕಷ್ಟವು. ಆದುದರಿಂದ ನಮ್ಮ ಆಕ್ಷೇಪವು ಸೀರೆ-ಖಣಗಳ ಮೇಲಲ್ಲ. ಮಗಳಿಗೆ ಪ್ರೀತಿಯಿಂದ ಉಡಿ ತುಂಬುವದು ಒಂದು, ಬೀಗನು ಬೆರಳೆಣಿಸಿ ಕೇಳಿದ್ದನ್ನು ಅಂಜಿ ಕೊಡುವದು ಇನ್ನೊಂದು. ಮೊದಲನೆಯದರಲ್ಲಿ ಕೊಡುವವನಿಗೆ ಸ್ವಾತಂತ್ರ್ಯವುಂಟು, ಎರಡನೆಯದರಲ್ಲಿ ಇಲ್ಲ. ಈ ಎರಡನ್ನೂ ಬೆರಸಿ, ಕೇಳಿ ಪಡೆದದ್ದಕ್ಕೆ ಉಡುಗೊರೆಯೆಂದು ಹೆಸರಿಡುವದೇ ಇಂದಿನ ಜಾಣತನವಾಗಿದೆ. ವೆಚ್ಚವನ್ನು ತಗ್ಗಿಸಲಿಚ್ಛಿಸುವವರಿಗೆ ದಾರಿಯೂ ಉಂಟು. ಧರ್ಮಸ್ಥಳದಲ್ಲಿ ೧೯೭೨ರಲ್ಲಿ ಸಾಮೂಹಿಕ ವಿವಾಹಗಳನ್ನು ಆರಂಭಿಸಿದರು. ನಮ್ಮ ಕಡೆಯ ಮಠಗಳಲ್ಲಿಯೂ ಜಾತ್ರೆಗಳಲ್ಲಿಯೂ ಅಂಥ ಮದುವೆಗಳು ನಡೆಯುತ್ತವೆ. ಒಂದೇ ಹಂದರದಲ್ಲಿ ಮದುವೆಯಾದವರ ಸಂಸಾರವು ಬಡವಾಯಿತೆಂದು ನಾವು ಕೇಳಿಲ್ಲ.

೬. ಚಿತ್ರವು ಹೇಳದೆ ಬಿಟ್ಟ ಮಾತು

ಚಿತ್ರದ ಗುಣಗಳನ್ನು ಹೇಳಿದ ಮೇಲೆ ಅದರ ಮಿತಿಯನ್ನೂ ಹೇಳುವದು ವಿಮರ್ಶಕರ ಧರ್ಮವು. ‘ಮದುವೆ ಮಾಡಿ ನೋಡು’ವಿನಲ್ಲಿ ಗೆಲುವು ದೊರೆಯುವದು ಯುಕ್ತಿಯಿಂದ, ಹಕ್ಕಿನಿಂದಲ್ಲ. ಓದಿದ ಮಗನು ತಂದೆಗೆ ‘ಇದು ಅನ್ಯಾಯ’ವೆಂದು ನೇರವಾಗಿ ಹೇಳದೆ ಹುಚ್ಚನ ವೇಷವನ್ನು ಆಶ್ರಯಿಸುತ್ತಾನೆ. ಹೆಂಡತಿಯು ತನ್ನ ಮನೆಗೆ ತಾನೇ ಕಳ್ಳಹೆಜ್ಜೆಯಿಂದ ಬರಬೇಕಾಗುತ್ತದೆ. ಒಬ್ಬ ಮಾವನ ಮನಸ್ಸು ಕರಗಿತು, ಸರಿ. ಆದರೆ ಮನಸ್ಸು ಕರಗದ ಮಾವಂದಿರ ಮನೆಯಲ್ಲಿ ಸೊಸೆಯು ಮಾಡತಕ್ಕದ್ದೇನು? ಎಲ್ಲ ಹುಡುಗಿಯರಿಗೂ ಹುಚ್ಚನ ನಟನೆ ಬಲ್ಲ ಗಂಡನು ದೊರೆಯುವದಿಲ್ಲ. ಹಾಸ್ಯನಾಟಕವು ಸುಖಾಂತವಾಗಲೇಬೇಕೆಂಬ ನಿಯಮವುಂಟು. ಸಂಸಾರಕ್ಕೆ ಆ ನಿಯಮವಿಲ್ಲ.

ಹೆಣ್ಣು ಸ್ವಂತವಾಗಿ ಗಳಿಸಿದರೆ ಎಲ್ಲವೂ ಸರಿಹೋಗುವದೆಂದು ಕೆಲವರು ಹೇಳುತ್ತಾರೆ. ಅದು ನಿಜವಾದರೂ ಪೂರ್ಣ ನಿಜವಲ್ಲ. ಬೀಳಗಿಯ ಅಮೀರಬಾಯಿಯವರು ತಮ್ಮ ಕಂಠದಿಂದ ಅಪಾರ ಹಣವನ್ನೂ ಕೀರ್ತಿಯನ್ನೂ ಸಂಪಾದಿಸಿದರು. ಆದರೂ ಅವರ ಮೊದಲ ದಾಂಪತ್ಯವು ದುಃಖಕರವಾಗಿ, ಅದರಿಂದ ಬಿಡುಗಡೆ ಹೊಂದಲು ವಕೀಲರ ನೆರವನ್ನು ಪಡೆಯಬೇಕಾಯಿತು. ತೆಲುಗಿನ ಮದುವೆಯ ಹಾಸ್ಯಚಿತ್ರಗಳಲ್ಲಿ ನಮ್ಮನ್ನು ನಗಿಸಿದ ಸಾವಿತ್ರಿಯವರು ದಕ್ಷಿಣದ ಅತಿ ಶ್ರೇಷ್ಠ ನಟಿಯರಲ್ಲೊಬ್ಬರಾಗಿ ಬೆಳೆದು, ಮನೆಮಾರುಗಳನ್ನು ಗಳಿಸಿ, ಅವನ್ನೆಲ್ಲ ಕಳೆದುಕೊಂಡು ೧೯೮೧ರಲ್ಲಿ ಕಣ್ಮುಚ್ಚಿದರು. ತೆರೆಯ ಮೇಲೆ ಮದುವೆಯನ್ನೂ ಸಿರಿಯನ್ನೂ ಗೆದ್ದವರಿಗೆ ಬಾಳಿನಲ್ಲಿ ಅವು ಒಲಿಯಲಿಲ್ಲ. ಇವರ ಕಥೆಯನ್ನು ನಾವು ಮರುಕಕ್ಕಾಗಿ ಹೇಳುತ್ತಿಲ್ಲ. ಗಳಿಸುವ ಶಕ್ತಿಯೊಡನೆ ಗಳಿಸಿದ್ದನ್ನು ತನ್ನ ಹೆಸರಿನಲ್ಲಿ ಇಟ್ಟುಕೊಳ್ಳುವ ತಿಳಿವಳಿಕೆಯೂ, ಕಾಗದವನ್ನು ಓದಿಯೇ ಸಹಿ ಮಾಡುವ ಅಭ್ಯಾಸವೂ, ಬೇಡವೆನ್ನುವ ಧೈರ್ಯವೂ ಕೂಡಿರಬೇಕೆಂದು ತೋರಿಸುವದಕ್ಕಾಗಿ ಹೇಳುತ್ತೇವೆ.

ಈ ತಿಳಿವಳಿಕೆಗೆ ಅವಶ್ಯವಾದ ಕೆಲವು ಸಂಗತಿಗಳನ್ನು ಇಲ್ಲಿಯೇ ಬರೆದಿಡುವದು ಉಚಿತವು. ತೆಲುಗು ಚಿತ್ರವು ಹೊರಬಂದಾಗ ವರದಕ್ಷಿಣೆಯನ್ನು ತಡೆಯುವ ಅಖಿಲ ಭಾರತದ ಕಾಯಿದೆ ಇರಲಿಲ್ಲ. ಕನ್ನಡ ಚಿತ್ರವು ಬರುವ ಹೊತ್ತಿಗೆ ೧೯೬೧ರ ವರದಕ್ಷಿಣೆ ನಿಷೇಧ ಕಾಯಿದೆಯು ಜಾರಿಯಾಗಿ ನಾಲ್ಕು ವರ್ಷಗಳಾಗಿದ್ದವು. ಅಂದರೆ ಚಿತ್ರದ ಬೀಗನು ಆಗಲೇ ಅಪರಾಧಿಯಾಗಿದ್ದನು. ೧೯೮೬ರ ತಿದ್ದುಪಡಿಯ ಮೇಲೆ ವರದಕ್ಷಿಣೆ ಕೊಡುವದಕ್ಕೂ ತೆಗೆದುಕೊಳ್ಳುವದಕ್ಕೂ ಸಾಮಾನ್ಯವಾಗಿ ಐದು ವರ್ಷಕ್ಕೆ ಕಡಿಮೆಯಿಲ್ಲದ ಸೆರೆಮನೆವಾಸವೂ, ೧೫,೦೦೦ ರೂಪಾಯಿ ಅಥವಾ ಆ ವರದಕ್ಷಿಣೆಯ ಬೆಲೆ ಇವೆರಡರಲ್ಲಿ ಹೆಚ್ಚಿನದಕ್ಕೆ ಕಡಿಮೆಯಿಲ್ಲದ ದಂಡವೂ ಗೊತ್ತಾಗಿವೆ. ಬರಿಯ ಬಾಯಿಂದ ಕೇಳಿದರೂ ಅದು ಅಪರಾಧವೇ. ವಧುವಿಗೆ ಪ್ರೀತಿಯಿಂದ ಕೊಟ್ಟ ಉಡುಗೊರೆ ಅಪರಾಧವಲ್ಲ. ಆದರೆ ಅದನ್ನೆಲ್ಲ ಪಟ್ಟಿಯಲ್ಲಿ ಬರೆದಿಡಬೇಕೆಂದು ೧೯೮೫ರ ನಿಯಮಗಳು ಹೇಳುತ್ತವೆ. ಆ ಪಟ್ಟಿಯೇ ಮುಂದೆ ಹುಡುಗಿಯ ರಕ್ಷಣೆಯು. ತಾಯಂದಿರು ಅದನ್ನು ತಪ್ಪದೆ ಮಾಡಿಸತಕ್ಕದ್ದು.

ಆಸ್ತಿಯ ವಿಷಯದಲ್ಲಿಯೂ ಕಾಲವು ಬದಲಾಗಿದೆ. ಕೂಡುಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಪಾಲುಂಟೆಂದು ಕರ್ನಾಟಕವು ೧೯೯೪ರಿಂದಲೇ ಜಾರಿ ಮಾಡಿತು. ೨೦೦೫ರ ತಿದ್ದುಪಡಿಯಿಂದ ಹಿಂದೂ ಮನೆಗಳ ಮಗಳು ಇಡೀ ದೇಶದಲ್ಲಿ ಮಗನ ಸಮಾನಳಾದಳು. ಕ್ರೈಸ್ತ ಕುಟುಂಬಗಳಿಗೆ ಅನ್ವಯಿಸುವ ೧೯೨೫ರ ವಾರಸಾ ಕಾಯಿದೆಯಲ್ಲಿ ಉಯಿಲು ಬರೆಯದೆ ತೀರಿಕೊಂಡವರ ಗಂಡುಹೆಣ್ಣು ಮಕ್ಕಳಿಗೆ ಸಮಪಾಲು ಇದೆ. ಹೀಗಿರಲು ‘ಮದುವೆಯಲ್ಲಿ ಬಂಗಾರ ಹಾಕಿದೆವಲ್ಲ, ಮತ್ತೇನು ಪಾಲು?’ ಎಂಬ ಮಾತಿಗೆ ಆಧಾರವಿಲ್ಲ. ಬೀಗನ ಕೈಗೆ ಹೋದ ಹಣವು ಮಗಳ ಪಾಲಲ್ಲ. ಅವಳ ಹೆಸರಿನಲ್ಲಿರುವ ಹೊಲ, ಮನೆ, ಬ್ಯಾಂಕಿನ ಪುಸ್ತಕ ಇವು ಅವಳ ಪಾಲು. ಹದಿನೆಂಟು ತುಂಬದ ಹುಡುಗಿಯ ಮದುವೆಯು ನಮ್ಮ ರಾಜ್ಯದಲ್ಲಿ ೨೦೧೭ರ ತಿದ್ದುಪಡಿಯ ಪ್ರಕಾರ ಮೊದಲಿನಿಂದಲೇ ಅಸಿಂಧುವೆಂಬುದನ್ನೂ ಪೋಷಕರು ನೆನಪಿನಲ್ಲಿಡಬೇಕು. ಒಳ್ಳೆಯ ಸಂಬಂಧ ತಾನಾಗಿ ಬಂದಿದೆ, ಓದು ಆಮೇಲಾದೀತು ಎಂದು ಹತ್ತನೆಯ ಇಯತ್ತೆಯಲ್ಲಿ ಶಾಲೆ ಬಿಡಿಸುವವರು, ಆಮೇಲೆ ಎಂಬುದು ಬರುವದೇ ಇಲ್ಲವೆಂಬುದನ್ನು ಬಲ್ಲರು.

೭. ಮುಕ್ತಾಯ

ಹಾಗಾದರೆ ಇಂಥ ಚಿತ್ರಗಳನ್ನು ನೋಡಬಾರದೇ? ನೋಡಲೇಬೇಕು, ಮನೆಯವರೆಲ್ಲ ಕೂಡಿ ನೋಡಬೇಕು. ಉಪದೇಶವು ತಲುಪದ ಕಡೆಗೆ ನಗೆಯು ತಲುಪುತ್ತದೆ. ವರದಕ್ಷಿಣೆ ಕೇಳುವವನು ಗೌರವಸ್ಥನಲ್ಲ, ನಗೆಗೀಡಾಗುವವನು ಎಂಬ ಭಾವನೆಯನ್ನು ಜನರಲ್ಲಿ ಮೂಡಿಸಿದ ಮಟ್ಟಿಗೆ ‘ಮದುವೆ ಮಾಡಿ ನೋಡು’ ದೊಡ್ಡ ಕೆಲಸವನ್ನೇ ಮಾಡಿದೆ. ಕಾಯಿದೆಯು ಅಪರಾಧಿಯನ್ನು ಶಿಕ್ಷಿಸಬಲ್ಲದು. ಅವನನ್ನು ನಾಚಿಸುವದು ಹಾಸ್ಯಕ್ಕೆ ಮಾತ್ರ ಸಾಧ್ಯವು. ಆದರೆ ನಕ್ಕ ಮೇಲೆ ಮನೆಗೆ ಬಂದು ಒಂದು ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಳ್ಳಬೇಕು: ನಮ್ಮ ಮನೆಯ ಮಾತುಕತೆಯಲ್ಲಿ ನಾವು ಯಾವ ಪಾತ್ರವನ್ನು ವಹಿಸುತ್ತಿದ್ದೇವೆ? ಮಗಳ ಮದುವೆಯಲ್ಲಿ ಮಾಸ್ತರನಂತೆ ನಿಟ್ಟುಸಿರಿಟ್ಟು, ಮಗನ ಮದುವೆಯಲ್ಲಿ ಆ ಬೀಗನಂತೆ ಪಟ್ಟಿ ಹಿಡಿದು ಕುಳಿತವರು ನಮ್ಮಲ್ಲಿ ಇಲ್ಲವೇ? ಎರಡು ಪಾತ್ರಗಳನ್ನೂ ಒಬ್ಬನೇ ವಹಿಸುವ ಈ ನಾಟಕವು ಯಾವ ಸ್ಟುಡಿಯೋದಲ್ಲಿಯೂ ತಯಾರಾದದ್ದಲ್ಲ.

ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ಸ್ವತಃ ಅತ್ತೆಯಂದಿರಾಗಿದ್ದೀರಿ, ಕೆಲವರು ಆಗಲಿದ್ದೀರಿ. ಸೊಸೆಯನ್ನು ಮನೆತುಂಬಿಸಿಕೊಳ್ಳುವ ದಿನ ತಕ್ಕಡಿಯನ್ನು ಹೊರಗಿಡುವ ಅಧಿಕಾರವು ನಿಮ್ಮ ಕೈಯಲ್ಲಿದೆ. ಗಾದೆಯನ್ನು ಅಳಿಸುವದು ನಮ್ಮಿಂದಾಗದು; ಆದರೆ ಅದರ ಅರ್ಥವನ್ನು ಬದಲಿಸಬಹುದು. ಹೆಣ್ಣು ಹೆತ್ತವನು ನಿಟ್ಟುಸಿರಿಲ್ಲದೆ, ನೆರೆಯವರನ್ನು ಕರೆದು, ‘ಮದುವೆ ಮಾಡಿ ನೋಡಿರಿ, ಎಷ್ಟು ಸುಲಭ’ವೆಂದು ಹೇಳುವ ದಿನವು ನಮ್ಮ ಊರುಗಳಿಗೆ ಬೇಗನೆ ಬರಲೆಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇವೆ.